ಗೋಡೆಗೆ ತಟ್ಟಿದ ಬೀಜ

"ಈ ಗೋಡೆ ಕೆರೆದಿದ್ದು ಯಾರು?"

ಅಡಿಗೆಮನೆ ಬಾಗಿಲಿನಿಂದ ಬಂದ ದನಿಗೆ ಏಣಿಯ ಮೇಲಿದ್ದ ರೇವಂತನ ಬ್ರಷ್ ಅಲ್ಲೇ ನಿಂತಿತು.

ಶಿವಲೀಲಾ ಸಕಲೇಶಪುರದ ಮೆಡಿಕಲ್ ಸ್ಟೋರಿನ ಕೆಲಸ ಮುಗಿಸಿ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಕಣ್ಣು ಮಾತ್ರ ಒಲೆಯ ಮೇಲಿನ ಗೋಡೆಯಲ್ಲಿ ನೆಟ್ಟಿತ್ತು.

"ನಾನೇ ಕಣ್ರೀ. ಕೆರೀದೆ ಹೊಡುದ್ರೆ ಪೇಂಟ್ ನಿಲ್ಲಲ್ಲ..."

"ಅಲ್ಲೊಂದು ಸಗಣಿ ಬಿಲ್ಲೆ ಇತ್ತಲ್ಲ?"

"ಓ, ಅದಾ? ಒಣಗೋಗಿತ್ತು. ಬೆಳಿಗ್ಗೇನೇ ಕಿತ್ತಾಕ್ಬುಟ್ಟೆ. ಈಗ ನೋಡಿ, ಗೋಡೆ ಹೆಂಗೆ ಥಳಥಳ ಅಂತೈತೆ!"

ಹೆಮ್ಮೆಯಿಂದ ಬೇರೆ ಹೇಳಿದ, ಪುಣ್ಯಾತ್ಮ!

ಶಿವಲೀಲಾ ಬಾಗಿಲಿಗೆ ಒರಗಿ ಹಾಗೇ ಕುಸಿದು ಕೂತಳು. ಬೈಗುಳವನ್ನು ನಿರೀಕ್ಷಿಸಿದ್ದ ರೇವಂತ ಅವಳ ಕಣ್ಣಲ್ಲಿ ನೀರು ಕಂಡು ಗಾಬರಿಯಾದ.

"ಅದರೊಳಗೆ ನಮ್ಮಮ್ಮನ ಬೀಜ ಇತ್ತು..."

ಮುಳ್ಳುಸೌತೆಯ ಬೀಜ. ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟ ಕಾಯಿಯಿಂದ ತೆಗೆದು, ಬೂದಿಯಲ್ಲಿ ಹೊರಳಿಸಿ, ಹಸಿ ಸಗಣಿಗೆ ಒತ್ತಿ ಗೋಡೆಗೆ ತಟ್ಟಿಟ್ಟರೆ ಮುಂದಿನ ಮುಂಗಾರಿನವರೆಗೂ ಹುಳ ಮುಟ್ಟುವುದಿಲ್ಲ. ಅವಳ ಅಮ್ಮ ಬಸಮ್ಮ ಈ ಬೀಜವನ್ನು ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದವರು. ಪ್ರತಿ ವರ್ಷ ಆ ಗೋಡೆಗೇ ತಟ್ಟುತ್ತಿದ್ದರು. "ನೀನು ಹೋಗೋ ಮನೆ ಗೋಡೆಗೆ ನಿನ್ನ ಕೈಯಲ್ಲೇ ತಟ್ಬೇಕು ಮಗಳೇ" ಎನ್ನುತ್ತಿದ್ದರು. ಕಳೆದ ವರ್ಷ ಬೀಜ ತಟ್ಟಿದ ಕೆಲವೇ ದಿನಕ್ಕೆ, ದಸರಾ ಮುಗಿಯುವ ಮೊದಲೇ ತೀರಿಕೊಂಡರು.

ಒಣಗಿದ ಆ ಬಿಲ್ಲೆಯ ಮೇಲೆ ಅವರ ಐದು ಬೆರಳಿನ ಅಚ್ಚು ಹಾಗೇ ಉಳಿದಿತ್ತು. ಶಿವಲೀಲಾ ದಿನಾ ಬೆಳಿಗ್ಗೆ ಕಾಫಿ ಕಾಯಿಸುವಾಗ ಅದರ ಮೇಲೆ ತನ್ನ ಕೈ ಇಟ್ಟು ನೋಡುತ್ತಿದ್ದಳು. ಇದು ಅವಳ ಅಣ್ಣ ನಟರಾಜನಿಗೂ ಗೊತ್ತಿರಲಿಲ್ಲ. ತಂಗಿಯನ್ನು ನೋಡಲು ಅರಸೀಕೆರೆಯಿಂದ ಗಂಡಿನ ಕಡೆಯವರು ಬರುತ್ತಾರೆಂದು, ಅವಳಿಗೆ ಹೇಳದೆ ಪೇಂಟಿಂಗ್ ಕಾಂಟ್ರಾಕ್ಟಿನ ರೇವಂತನನ್ನು ಕರೆಸಿದ್ದ, ಅಷ್ಟೇ.

"ಎಲ್ಲಿ ಹಾಕಿದ್ರಿ?" ಅವಳು ತಟ್ಟನೆ ಎದ್ದಳು.

"ಕೆರೆದ ಕಸಾನೆಲ್ಲ ಗೂಡ್ಸ್ ಆಟೋಗೆ ತುಂಬಿ... ಕುಂದೂರಲ್ಲಿ ನಮ್ಮನೆ ಹಿಂದೆ ಒಂದು ಗುಂಡಿ ಐತೆ. ಅಲ್ಲಿಗೆ ಸುರಿದೆ. ಹುಡುಕ್ತೀನಿ! ಈಗ್ಲೇ ಹೋಗ್ತೀನಿ!"

ಮರುದಿನ ಅವನು ಬಂದಾಗ ಉಗುರಿನ ತುಂಬಾ ಸುಣ್ಣ, ಬೆರಳಿನ ತುಂಬಾ ಗೀರು. ಬೇರೆ ಮನೆಯ ಗಾರೆ ಚೂರೂ ಗುಂಡಿಯ ಕಸದ ಮೇಲೆ ಬಿದ್ದಿತ್ತು. ಮುಂಗಾರಿಗೆ ಮುಂಚಿನ ಅಡ್ಡಮಳೆ ಬೇರೆ ಹೊಡೆದು ಎಲ್ಲ ಕೆಸರಾಗಿತ್ತು.

"ಸಿಗ್ಲಿಲ್ಲ..." ಎಂದು ತಲೆ ತಗ್ಗಿಸಿದ. ಜೇಬಿನಿಂದ ಬಣ್ಣಬಣ್ಣದ ಪ್ಯಾಕೆಟ್ ತೆಗೆದ. "ಇದು ಹೈಬ್ರಿಡ್ ಸೌತೆ ಬೀಜ. ಚೆನ್ನಾಗಿ ಬತ್ತದೆ ಅಂದ ಅಂಗಡಿಯವ್ನು."

"ನಿಮ್ಮಮ್ಮನ ಫೋಟೋ ಕಳೆದೋದ್ರೆ ಬೇರೆ ಯಾರದ್ದಾದ್ರೂ ಫೋಟೋ ತಂದು ತಗುಲಿ ಹಾಕ್ಕೋತೀರಾ?"

ಪ್ಯಾಕೆಟ್ ಅವನ ಕೈಯಲ್ಲೇ ಉಳಿಯಿತು.

*

ಮುಂಗಾರು ಯಾರ ದುಃಖಕ್ಕೂ ಕಾಯುವುದಿಲ್ಲ. ನೆಲ ನೆಂದ ಮೇಲೆ ಶಿವಲೀಲಾಳ ಕೈಯೂ ಸುಮ್ಮನಿರಲಿಲ್ಲ.

ಹಿತ್ತಲಲ್ಲಿ ಬೆಂಡೆ ಊರಿದಳು. ಹೀರೆ, ಪಡವಲ, ಬೀನ್ಸ್ ಹಾಕಿದಳು. ಹರಿವೆ ಸೊಪ್ಪು ತಾನಾಗೇ ಎದ್ದಿತು. ಬೆಳಿಗ್ಗೆ ಬಸ್ಸಿಗೆ ಓಡುವ ಮೊದಲು ಒಂದು ಸುತ್ತು ಬಂದರೆ ನಿನ್ನೆ ಇಲ್ಲದ ಎಲೆ ಇವತ್ತು ಇರುತ್ತಿತ್ತು. ಮೊದಲ ಬೆಂಡೆಕಾಯಿಯನ್ನು ಅಲ್ಲೇ ಕಿತ್ತು ಹಸಿಯಾಗೇ ಕಡಿದಾಗ ಎಷ್ಟೋ ತಿಂಗಳ ಮೇಲೆ ನಗು ಬಂತು. ಆದರೆ ಬಾವಿಯ ಪಕ್ಕದ ಪಾತಿಯನ್ನು ಖಾಲಿ ಬಿಟ್ಟಳು. ಅದು ಅಮ್ಮ ಸೌತೆ ಹಾಕುತ್ತಿದ್ದ ಜಾಗ.

ಗೋಡೆಯ ಕೆಲಸ ಮುಗಿದಿದ್ದರೂ ರೇವಂತ ಏನಾದರೊಂದು ನೆಪ ಹಿಡಿದು ಬರುತ್ತಿದ್ದ. ಒಮ್ಮೆ ಬಿದಿರು ತಂದು ಹೀರೆಬಳ್ಳಿಗೆ ಚಪ್ಪರ ಹಾಕಿಕೊಟ್ಟ. ಅವಳು ಬೇಡವೆನ್ನಲಿಲ್ಲ, ಕಾಫಿಯನ್ನೂ ಕೊಡಲಿಲ್ಲ. ಎರಡನೇ ಸಲ ಕಾಫಿ ಕೊಟ್ಟಳು. ಮೂರನೇ ಸಲ ಅವನ ಗಾಡಿಯ ಸದ್ದಿಗೆ ಅವಳ ಕೈ ತಲೆಗೂದಲಿಗೆ ಹೋಯಿತು!

"ಛೀ, ನನಗೇನಾಗಿದೆ?" ಎಂದು ತನ್ನನ್ನೇ ಬೈದುಕೊಂಡಳು.

ಅವನ ಪ್ರಶ್ನೆಗಳೂ ವಿಚಿತ್ರ.

"ಶಿವಲೀಲಾ ಅವ್ರೇ, ಸೌತೆ ಎಲೆ, ಕುಂಬಳದ ಎಲೆ ಹೆಂಗೆ ಗೊತ್ತಾಯ್ತದೆ?"

"ಮುಟ್ಟಿದ್ರೆ ಗೊತ್ತಾಗುತ್ತೆ. ಯಾಕೆ?"

"ಸುಮ್ನೆ..."

ಅರಸೀಕೆರೆಯವರು ಬಂದು ನೋಡಿ ಹೋದರು. ಒಪ್ಪಿಯೂ ಬಿಟ್ಟರು. "ಗೌರಿ ಹಬ್ಬದೊಳಗೆ ಒಂದು ಮಾತು ಹೇಳ್ಬುಡು ಲೀಲಾ" ಎಂದ ನಟರಾಜ. ಆ ಮಾತು ರೇವಂತನ ಕಿವಿಗೂ ಬಿತ್ತು. ಅಂದಿನಿಂದ ಅವನು ಬರುವುದು ನಿಂತಿತು.

ಶ್ರಾವಣ ಬಂತು. ಹೀರೆ ಚಪ್ಪರದ ತುಂಬಾ ಹಳದಿ ಹೂ. ಅದನ್ನು ಕಟ್ಟಿದವನ ಸುಳಿವೇ ಇಲ್ಲ!

'ತಪ್ಪು ಮಾಡಿದ್ದಕ್ಕೆ ಬಂದು ಹೋಗ್ತಿದ್ದ. ಋಣ ತೀರ್ತು ಅಂದ್ಕೊಂಡಿರ್ಬೇಕು. ನಾನ್ಯಾಕೆ ಬೇಜಾರು ಮಾಡ್ಕೊಳ್ಲಿ?'

ಮಾಡಿಕೊಂಡಿದ್ದಳು. ಸಿಕ್ಕಾಪಟ್ಟೆ ಮಾಡಿಕೊಂಡಿದ್ದಳು. ಕೊನೆಗೊಂದು ಭಾನುವಾರ, ಅವನು ಮರೆತು ಹೋಗಿದ್ದ ರೇನ್‌ಕೋಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು ಕುಂದೂರಿನ ಬಸ್ಸು ಹತ್ತಿದಳು.

*

ಅವನ ಮನೆ ಮುಂದೆ ಯಾರೂ ಇರಲಿಲ್ಲ. ಕರೆಯುತ್ತಾ ಹಿಂದಕ್ಕೆ ಹೋದವಳು ಅಲ್ಲೇ ನಿಂತಳು.

ಗುಂಡಿ ತುಂಬಿ ಎದ್ದ ಗಾರೆಚೂರಿನ ದಿಬ್ಬದ ಮೇಲೆ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಚಪ್ಪರ. ಕೆಳಗೆ ಒಂದೇ ಒಂದು ಬಳ್ಳಿ. ಎಲೆಯ ಮರೆಯಲ್ಲಿ ಹೆಬ್ಬೆರಳುದ್ದದ ಹೀಚುಕಾಯಿ. ತೊಟ್ಟಿನಿಂದ ಇಳಿದ ಬಿಳಿ ಗೀರು, ಮೈತುಂಬ ಕಪ್ಪು ಮುಳ್ಳು... ಈ ಕಾಯಿಯನ್ನು ಅವಳು ನಿದ್ದೆಗಣ್ಣಲ್ಲೂ ಗುರುತಿಸಬಲ್ಲಳು!

ಸಿಗಲಿಲ್ಲ ಅಂದನಲ್ಲ? ತಲೆ ತಗ್ಗಿಸಿ ನಿಂತಿದ್ದನಲ್ಲ? ಎಲ್ಲ ನಾಟಕವೇ?

ಸದ್ದು ಕೇಳಿ ರೇವಂತ ಹೊರಗೆ ಬಂದ. ಅವಳನ್ನು ಕಂಡು ಮುಖ ಬಿಳಿಚಿಕೊಂಡಿತು.

"ಸುಳ್ಳ!" ಅವಳು ಕೂಗಿದಳು. "ನಮ್ಮಮ್ಮನ ಬೀಜ ಬಚ್ಚಿಟ್ಕೊಂಡು ನನ್ನ ಮುಂದೆ ಸಿಗ್ಲಿಲ್ಲ ಅಂದ್ರಲ್ಲ! ಏನಿದು? ಹೇಳಿ, ಏನಿದು?"

ಅವಳ ತೋರುಬೆರಳು ನೇರ ಆ ಹೀಚಿನ ಕಡೆಗೆ ಚಾಚಿತ್ತು.

"ಅಯ್ಯೋ, ಬೆರಳು ತೋರಿಸ್ಬೇಡಿ!"

ಒಂದೇ ನೆಗೆತಕ್ಕೆ ಬಂದು ಅವಳ ಬೆರಳನ್ನು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ. ಇಬ್ಬರೂ ಏದುಸಿರು ಬಿಡುತ್ತಾ ಹಾಗೇ ನಿಂತರು. ಹೀಚುಕಾಯಿಗೆ ಬೆರಳು ತೋರಿಸಿದರೆ ಕೊಳೆತು ಹೋಗುತ್ತದೆ ಎಂಬುದು ಅಮ್ಮನ ಸೆರಗು ಹಿಡಿದು ಹಿತ್ತಲು ಸುತ್ತಿದ ಅವಳಿಗೆ ಗೊತ್ತಿಲ್ಲದ್ದೇ? ಕೋಪದಲ್ಲಿ ಮರೆತುಬಿಟ್ಟಿದ್ದಳು!

"ಅವ್ನ ಬೈಬ್ಯಾಡ ಕಣವ್ವ." ಹಿಂದಿನಿಂದ ರೇವಂತನ ತಾಯಿ ಪುಷ್ಪಮ್ಮ ಬಂದರು. "ಮಳೆ ಬಿದ್ಮೇಲೆ ಈ ಗುಂಡೀಲಿ ಏನೇನೋ ಮೊಳ್ತಿತ್ತು. ಯಾವ್ದು ಏನು ಅಂತ ನಮಗೇನು ಗೊತ್ತು? ಒಂದೂ ಕೀಳೋಕೆ ಬುಡ್ಲಿಲ್ಲ ಇವ್ನು. ಎಲ್ಲಾದ್ಕೂ ಕೋಲು ನೆಟ್ಟ. ಸೌತೆ ಅಂತ ಗೊತ್ತಾದ್ಮೇಲೆ ನಿನಗೆ ಹೇಳ್ತೀನಿ ಅಂತ ಹೊರಟ್ನಾ, ನಾನೇ ತಡೆದೆ. ಹೀಚು ಬಲಿಯೋಗಂಟ ಯಾರಿಗೂ ತೋರಿಸ್ಬ್ಯಾಡ, ಬಾಯಿ ಬುಡ್ಬ್ಯಾಡ ಅಂತ."

"ಇನ್ನೊಂದಿಷ್ಟು ಕಾಯಿ ಬಿಟ್ಟಿತ್ತು," ರೇವಂತ ಮೆಲ್ಲಗೆ ಹೇಳಿದ. "ಎಲ್ಲ ಮಳೆಗೆ ಕೊಳೆತೋದ್ವು. ಉಳಿದಿರೋದು ಇದೊಂದೇ. ಒಂದ್ಸಲ ಪ್ಯಾಕೆಟ್ ತಂದು ನಿಮ್ಮನ್ನ ನೋಯಿಸಿದ್ದೆ. ಆಸೆ ತೋರಿಸಿ ಇದೂ ಹೋದ್ರೆ ಯಾವ ಮುಖ ಇಟ್ಕೊಂಡು ಬರ್ಲಿ?"

ಉಳಿದಿರುವುದು ಇದೊಂದೇ. ಅದಕ್ಕೇ ಬೆರಳು ತೋರಿಸಿದ್ದಳು ಅವಳು!

"ಕೊಳೆತೋದ್ರೆ?" ಅವಳು ಕಾಯಿಯಿಂದ ಮುಖ ತಿರುಗಿಸಿದಳು. "ನನ್ನ ಕೈಯಾರೆ ಅಮ್ಮನ ಬೀಜ..."

ಅವನು ಅವಳ ಬೆರಳನ್ನು ಇನ್ನೂ ಬಿಟ್ಟಿರಲಿಲ್ಲ.

*

ಆಮೇಲಿನ ದಿನಗಳನ್ನು ಶಿವಲೀಲಾ ಹೇಗೆ ಕಳೆದಳೋ ಆ ಶಿವನೇ ಬಲ್ಲ. ಕೆಲಸ ಮುಗಿಸಿ ಮೊದಲು ಕುಂದೂರು, ಆಮೇಲೆ ಮನೆ. ಕಾಯಿಗೆ ನೆಲದ ತೇವ ತಾಗದಂತೆ ಇಬ್ಬರೂ ಸೇರಿ ಕೆಳಗೆ ಒಣಹುಲ್ಲು ಹಾಸಿದರು. ಗಾಳಿಗೆ ಪ್ಲಾಸ್ಟಿಕ್ ಹಾರಿದಾಗ ಅವನು ಕೊಡೆ ಹಿಡಿದು ನಿಂತ, ಅವಳು ಗಂಟು ಬಿಗಿದಳು.

ಕಾಯಿ ಗೇಣುದ್ದ ಬೆಳೆಯಿತು. ಹಾಗೇ ಒಂದು ಸಂಜೆ ಅದರ ಹೊಟ್ಟೆಯ ಮೇಲೊಂದು ಕಂದು ಕಲೆ ಕಂಡಿತು.

"ಕೊಳೀತಾ ಐತಾ?" ಅವನು ಪಿಸುಗುಟ್ಟಿದ.

"ಗೊತ್ತಿಲ್ಲ..."

ಮುಟ್ಟಿ ನೋಡಲು ಇಬ್ಬರಿಗೂ ಧೈರ್ಯವಿಲ್ಲ. ಮಾರನೇ ದಿನ ಕಲೆ ದೊಡ್ಡದಾಗಿತ್ತು. ಗೌರಿ ಹಬ್ಬದ ಹಿಂದಿನ ದಿನ ರಜೆ ಹಾಕಿ, ಎದೆ ಗಟ್ಟಿ ಮಾಡಿಕೊಂಡು, ಶಿವಲೀಲಾ ಬಳ್ಳಿಯ ಮುಂದೆ ಕೂತು ಎಲೆ ಸರಿಸಿದಳು. ಕಲೆ ಮೈತುಂಬ ಹರಡಿತ್ತು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒತ್ತಿದಳು.

ಗಟ್ಟಿ! ಹಣ್ಣುಸೌತೆಯ ಪರಿಮಳ ಮೂಗಿಗೆ ಬಡಿಯಿತು.

"ಹಣ್ಣಾಗಿದೆ... ರೇವಂತ್, ಹಣ್ಣಾಗಿದೆ!"

ಅವಳು ಅಳುತ್ತಾ ನಗುತ್ತಿದ್ದಳು. ಪುಷ್ಪಮ್ಮ ಕುಡುಗೋಲು, ಬೂದಿ, ಸಗಣಿ ತಂದುಕೊಟ್ಟು ಕೊಟ್ಟಿಗೆ ಕೆಲಸಕ್ಕೆ ಹೋದರು. ತಟ್ಟೆಯ ತುಂಬಾ ಬೀಜ. ತೊಳೆದು ಬೂದಿಯಲ್ಲಿ ಹೊರಳಿಸುವಾಗಲೇ ಅವಳು ಗಮನಿಸಿದ್ದು, ರೇವಂತನ ಮುಖದಲ್ಲಿ ನಗುವೇ ಇಲ್ಲ.

"ಯಾಕೆ? ನಿಮಗೆ ಖುಷಿ ಇಲ್ವಾ?"

"ಐತೆ." ನೆಲ ನೋಡುತ್ತಾ ಹೇಳಿದ. "ನಿಮ್ಮ ಬೀಜ ನಿಮಗೆ ಸಿಕ್ತು. ಇನ್ಮೇಲೆ ಇಲ್ಲಿಗೆ ಬರೋ ಕೆಲ್ಸ ಇಲ್ಲ ನಿಮಗೆ. ಅರಸೀಕೆರೆಗೆ ತಗೊಂಡೋಗಿ ತಟ್ತೀರಿ. ಒಂದೊಂದ್ಸಲ ನಾನು... ಈ ಕಾಯಿ ಇನ್ನೂ ತಡವಾಗಿ ಹಣ್ಣಾಗ್ಲಿ ಅಂತ ಬೇಡ್ಕೊಂಡಿದ್ದೀನಿ ಕಣ್ರೀ. ತಪ್ಪಾಯ್ತು."

ಶಿವಲೀಲಾ ಸಗಣಿ ಮುದ್ದೆಗೆ ಬೀಜ ಒತ್ತತೊಡಗಿದಳು. ಆಗಲೇ ಅವಳ ಫೋನು ಹೊಡೆದುಕೊಂಡಿತು. ಎರಡೂ ಕೈ ಸಗಣಿ! ರೇವಂತನೇ ಫೋನೆತ್ತಿ ಅವಳ ಕಿವಿಗೆ ಹಿಡಿದ. ನಟರಾಜನ ದೊಡ್ಡ ಗಂಟಲು ಅವನಿಗೂ ಕೇಳಿಸಿತು.

"ಲೀಲಾ, ಅರಸೀಕೆರೆಯವ್ರು ಫೋನ್ ಮಾಡಿದ್ರು. ಏನ್ ಹೇಳ್ಲವ್ವ?"

"ಬೇಡ ಅನ್ನಣ್ಣ. ಯಾಕೆ ಅಂತ ಮನೆಗೆ ಬಂದು ಹೇಳ್ತೀನಿ."

ಅವಳು ರೇವಂತನ ಕಡೆ ತಿರುಗಿಯೂ ನೋಡದೆ, ಬೀಜದ ಮುದ್ದೆ ಹಿಡಿದು ಸೀದಾ ಪುಷ್ಪಮ್ಮನ ಅಡಿಗೆಮನೆಯೊಳಗೆ ನಡೆದಳು. ರೇವಂತ ಹಿಂದೆಯೇ ಓಡಿದ.

ಒಲೆಯ ಮೇಲಿನ ಗೋಡೆ ಹೊಚ್ಚಹೊಸದಾಗಿ ಮಿನುಗುತ್ತಿತ್ತು.

"ಇದಕ್ಕೆ ಪೇಂಟ್ ಯಾವಾಗ ಹೊಡೆದ್ರಿ?"

"ಹೋದ ವಾರ. ಹಬ್ಬಕ್ಕೆ ಅಂತ... ಎರಡು ಕೋಟ್..."

ಪಟ್ಟೆಂದು ಸಗಣಿ ಗೋಡೆಗೆ ಅಂಟಿತು! ಅಂಗೈಯಿಂದ ಚಪ್ಪಟೆ ಮಾಡಿ, ಐದೂ ಬೆರಳು ಮೂಡುವಂತೆ ಒತ್ತಿ ಹಿಡಿದಳು. ಅಮ್ಮನ ಅಚ್ಚಿನಷ್ಟೇ ಅಗಲವಿತ್ತು ಅದು.

ರೇವಂತ ಹತ್ತಿರ ಬಂದು ಆ ಅಚ್ಚನ್ನೇ ನೋಡಿದ. ಮೆಲ್ಲಗೆ ಕೇಳಿದ.

"ಇದನ್ನ... ಯಾವಾಗ ಕೀಳೋದು?"

"ಮುಂಗಾರಿಗೆ. ನಾನೇ ಕೀಳೋದು. ಅಲ್ಲಿವರೆಗೆ ನೀವು ಮುಟ್ಟಂಗಿಲ್ಲ."

"ಮುಂಗಾರಿಗೆ ನೀವು ಇಲ್ಲೇ ಇರ್ತೀರಾ? ನಮ್ಮನೇಲಿ? ಶಿವಲೀಲಾ, ನಿಜವಾಗ್ಲೂ?"

ಅವನ ದನಿ ಕೊಟ್ಟಿಗೆಯವರೆಗೂ ಕೇಳುವಷ್ಟು ಏರಿತ್ತು. ಅವಳು ಸಗಣಿ ಮೆತ್ತಿದ ತೋರುಬೆರಳನ್ನು ಜೋಪಾನವಾಗಿ ಮಡಚಿ, ಆ ಮಡಚಿದ ಬೆರಳಿನಿಂದ ಮೊದಲು ಅವನನ್ನು, ಆಮೇಲೆ ತನ್ನನ್ನು ತೋರಿಸಿದಳು.

"ಮೆತ್ತಗೆ ಮಾತಾಡಿ ಕಣ್ರೀ. ಇದಿನ್ನೂ ಹೀಚು."