ಡಿಕ್ಕಿಯ ಮೂಲೆಯಲ್ಲೊಂದು ಡಗ್ಗ

"ಡಿಕ್ಕಿ ಮಾತ್ರ ಮುಟ್ಟಂಗಿಲ್ಲ," ಎಂದಳು ಅವಳು. "ಮಿಕ್ಕಿದ ಜಾಗದಾಗೆ ಎಲ್ಲಾದ್ರೂ ಕೂರಿಸಿ."

ಅಂಬರೀಶ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟು ಅವಳ ಮುಖ ನೋಡಿದ. ಮಧುಗಿರಿಯ ಪಾವಗಡ ರಸ್ತೆಯಲ್ಲಿ ಅವನದು ಕಾರ್ ಆಡಿಯೊ ಅಂಗಡಿ. ಸಬ್‌ವೂಫರ್ ಎಂಬ ಬೇಸ್ ಸ್ಪೀಕರ್ ಹಾಕಿಸಲು ಬರುವ ಹುಡುಗರೆಲ್ಲ ಮೊದಲು ಡಿಕ್ಕಿಯ ಬಾಗಿಲು ತೆಗೆದು, "ಇದ್ರಾಗೆ ಹಿಡಿಯೋ ಅಷ್ಟು ದೊಡ್ಡದು ಹಾಕು ಗುರು" ಎನ್ನುವವರು. ಡಿಕ್ಕಿಯನ್ನೇ ಮುಟ್ಟಬೇಡ ಎಂದವರನ್ನು ಅವನು ನೋಡಿರಲಿಲ್ಲ.

"ಸಬ್‌ವೂಫರ್‌ಗೆ ಒಂದು ಡಬ್ಬಿ ಬೇಕು ಮೇಡಂ. ಡಬ್ಬಿ ಒಳಗೆ ಗಾಳಿ ಇದ್ರೇನೇ ಬೇಸ್ ಬರೋದು. ಡಿಕ್ಕಿ ಬೇಡ ಅಂದ್ರೆ ಅಷ್ಟು ಗಾಳಿ ಎಲ್ಲಿ ತುಂಬ್ಲಿ?"

"ಅದನ್ನ ಹೇಳೋಕೇ ನೀವಿರೋದಲ್ವಾ?"

ಅವಳು ನಕ್ಕಳು. ನಗುವಾಗ ಎಡಗಡೆಯ ಹುಬ್ಬು ಮಾತ್ರ ಮೇಲೇರಿತು. ಬಿಸಿಲಿಗೆ ಮೂಗಿನ ತುದಿ ಕಂದಿತ್ತು. ಕೊರಳಲ್ಲಿ ನೇತಾಡುತ್ತಿದ್ದ ಸೋಲಾರ್ ಪಾರ್ಕಿನ ಐಡಿ ಕಾರ್ಡಿನಲ್ಲಿ ಗಂಗಾಂಬಿಕಾ ಎಂದಿತ್ತು. ಆ ಪಾರ್ಕಿರುವ ರಾಯಚರ್ಲು ಕಡೆಯ ಕೆಂಪು ಧೂಳು ಅವಳ ಪುಟ್ಟ ಬಿಳಿ ಕಾರಿನ ಬಾಗಿಲವರೆಗೂ ಹತ್ತಿತ್ತು. ಕೇಳಬೇಕೆಂದಿದ್ದ ಪ್ರಶ್ನೆ ಅಂಬರೀಶನಿಗೆ ಮರೆತೇಹೋಯಿತು. ಸ್ವಲ್ಪ ಹೊತ್ತಿನ ಮೇಲೆ ನೆನಪಾಯಿತು.

"ಯಾವ ಥರ ಹಾಡು ಕೇಳ್ತೀರ?"

"ನನಗಲ್ಲ, ನಮ್ಮನೇವ್ರಿಗೆ. ಅವ್ರು ಮುಂದಿನ ಸೀಟಲ್ಲಿ ಕೂರೋದು. ಅವ್ರಿಗೆ ಬೇಸ್ ನೆಟ್ಟಗೆ ಕೇಳಿಸ್ಬೇಕು, ಅಷ್ಟೇ."

ನಮ್ಮನೇವ್ರು. ಅಂಬರೀಶ ತಲೆಯಾಡಿಸಿ, ಅಳತೆಯ ಟೇಪು ಹಿಡಿದು ಸೀಟಿನ ಕೆಳಗೆ ಬಗ್ಗಿದ. ಬಗ್ಗಿದ್ದು ಒಳ್ಳೆಯದೇ ಆಯಿತು. ಮುಖ ಅವಳಿಗೆ ಕಾಣಲಿಲ್ಲ.

ಸೀಟಿನ ಕೆಳಗೆ ಕೂರುವಂಥ, ಪುಸ್ತಕದ ಹಾಗೆ ಚಪ್ಪಟೆಯಾದ ರೆಡಿಮೇಡ್ ಸಬ್‌ವೂಫರ್ ಒಂದಿತ್ತು. ಡಬ್ಬಿ, ಆಂಪ್ಲಿಫೈಯರ್ ಎಲ್ಲ ಅದರೊಳಗೇ. ಅದನ್ನೇ ಕೂರಿಸಿ ಕಳಿಸಿದ. ಕಾರು ಕೊರಟಗೆರೆ ಕಡೆ ತಿರುಗಿ ಮರೆಯಾಗುವವರೆಗೂ ನಿಂತು ನೋಡಿದ.

ಪಕ್ಕದ ಪಂಕ್ಚರ್ ಅಂಗಡಿಯ ರಂಗೇಶ ಟೈರಿನ ಮೇಲೆ ಕೂತು ಇದನ್ನೆಲ್ಲ ಗಮನಿಸುತ್ತಿದ್ದ.

"ಏನ್ಲಾ, ಗಿರಾಕಿ ಹೋದ್ರೆ ಇಂಗ್ಯಾಕೆ ಮುಖ ಇಳಿಬುಟ್ಕಂಡೆ?"

"ಮದ್ವೆ ಆಗೈತೆ ಕಣ್ಲಾ ಅವ್ರಿಗೆ."

"ನಾನು ಅದನ್ನ ಕೇಳ್ನೇ ಇಲ್ವಲ್ಲ!" ಎಂದು ರಂಗೇಶ ಹೊಟ್ಟೆ ಹಿಡಿದು ನಕ್ಕ.

*

ಮರುವಾರ ಅವಳು ಮತ್ತೆ ಬಂದಳು. ಈ ಸಲ ನಗು ಇರಲಿಲ್ಲ.

"ತೆಗೆದುಬುಡಿ. ಅವ್ರಿಗೆ ಹಿಡಿಸಲಿಲ್ಲ. ಏನು ಹಾಕಿದ್ರೂ ಒಂದೇ ಸಮ ಧಂ ಧಂ ಅನ್ನುತ್ತೆ, ಸೀಟೆಲ್ಲ ಗಡಗಡ ಅನ್ನುತ್ತೆ ಅಂತ ಮುಖ ತಿರುಗಿಸ್ಕೊಂಡ್ರು."

ಅಷ್ಟು ದಿನಗಳಲ್ಲಿ ಅಂಬರೀಶ ತನ್ನ ಮನಸ್ಸಿನಲ್ಲಿ ಆ ಗಂಡನ ಚಿತ್ರ ಬರೆದುಕೊಂಡಿದ್ದ. ಬಿಳಿ ಶರ್ಟು, ಕಪ್ಪು ಕನ್ನಡಕ, ಹೆಂಡತಿಯನ್ನು ಬಿಸಿಲಿನಲ್ಲಿ ಅಂಗಡಿಗೆ ಅಟ್ಟಿ ತಾನು ಫ್ಯಾನಿನ ಕೆಳಗೆ ಕೂರುವ ಗತ್ತು. ಈಗ ಆ ಮನುಷ್ಯನ ಮೇಲೆ ಸಿಟ್ಟು ಉಕ್ಕಿತು.

"ಅವ್ರನ್ನೇ ಕರ್ಕೊಂಡು ಬನ್ನಿ ಮೇಡಂ. ಅವ್ರ ಕಿವಿಗೆ ಏನು ಬೇಕು ಅಂತ ಅವ್ರೇ ಹೇಳ್ಲಿ. ನಡುವೆ ನೀವ್ಯಾಕೆ ಓಡಾಡ್ಬೇಕು?"

ಮಾತು ಸ್ವಲ್ಪ ಒರಟಾಯಿತೆಂದು ಆಡಿದ ಮೇಲೆ ಗೊತ್ತಾಯಿತು. ಅವಳು ಅವನನ್ನೇ ನೋಡಿದಳು. ಬೈಯುತ್ತಾಳೆಂದುಕೊಂಡ. ಅವಳು ತುಟಿ ಕಚ್ಚಿ ಏನನ್ನೋ ಯೋಚಿಸಿ, "ಅವ್ರು ಬರೋಕೆ ಆಗಲ್ಲ. ಭಾನುವಾರ ನೀವೇ ಕೊರಟಗೆರೆಗೆ ಬರ್ತೀರಾ?" ಎಂದಳು.

ಭಾನುವಾರ ಅಂಬರೀಶ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ. ಯಾಕೆ ಹಾಕಿಕೊಂಡೆನೆಂದು ತನ್ನ ಮೇಲೇ ಬೇಸರವಾಗಿ, ಬಿಚ್ಚಿ, ಮತ್ತೆ ಅದನ್ನೇ ಹಾಕಿಕೊಂಡು ಬಸ್ಸು ಹತ್ತಿದ.

ಕೊರಟಗೆರೆಯ ಅವಳ ಮನೆಯ ಜಗುಲಿಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಮುದುಕರು ಕೂತಿದ್ದರು. ಅಗಲವಾದ ಹಣೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ನಿಮ್ಮನೇವ್ರು ಎಲ್ಲಿ ಮೇಡಂ?" ಅಂಬರೀಶ ಒಳಗಡೆ ಇಣುಕಿದ.

"ಇವ್ರೇ. ನಮ್ಮಪ್ಪ, ಚಿಕ್ಕನರಸಯ್ಯ."

ಅಂಬರೀಶ ಮುದುಕರನ್ನೊಮ್ಮೆ, ಅವಳನ್ನೊಮ್ಮೆ ನೋಡಿದ.

"ಸಿರಾದಾಗೆ ಒಂದು ಅಂಗಡಿಗೆ ಹೋಗಿದ್ದೆ," ಗಂಗಾಂಬಿಕಾ ಬೇರೆ ಕಡೆ ನೋಡುತ್ತ ಹೇಳಿದಳು. "ಅಲ್ಲಿದ್ದೋನು ಸ್ಪೀಕರ್ ತೋರ್ಸೋದು ಬುಟ್ಟು, ಮೇಡಂ ಒಬ್ರೇನಾ, ನಂಬರ್ ಕೊಡಿ ಅಂದ. ಅವತ್ತಿಂದ ಯಾವ ಅಂಗಡಿಗೆ ಹೋದ್ರೂ ನಮ್ಮನೇವ್ರಿಗೆ ಅಂತ ಹೇಳಿಬುಡ್ತೀನಿ. ಸುಳ್ಳೇನಲ್ಲ. ನಮ್ಮನೇಲಿರೋದು ಇವ್ರೊಬ್ರೇ."

ಎದೆಯ ಮೇಲೆ ಇಷ್ಟು ದಿನ ಯಾರೋ ಕಾಲಿಟ್ಟು ನಿಂತಿದ್ದರು, ಈಗ ಇಳಿದರು ಎನ್ನಿಸಿತು ಅಂಬರೀಶನಿಗೆ. ನಗು ತಡೆಯಲಾಗದೆ ಕೆಮ್ಮಿದ. ಅವಳು ನೀರು ತಂದುಕೊಟ್ಟಳು. ಲೋಟ ಕೊಡುವಾಗ ಅವಳ ಕಣ್ಣಿನಲ್ಲೂ ತುಂಟತನವಿತ್ತು.

ಚಿಕ್ಕನರಸಯ್ಯ ಸುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ತಬಲಾ ನುಡಿಸಿದವರು. ಮಧುಗಿರಿಯಿಂದ ಪಟ್ಟನಾಯಕನಹಳ್ಳಿಯವರೆಗೆ ಅವರನ್ನು ಕರೆಸದ ಊರಿಲ್ಲ. ಹೋದ ವರ್ಷ ಸ್ಟ್ರೋಕ್ ಆಯಿತು. ಆಮೇಲೆ ಮಾತು ಮರಳಿತು, ಕಾಲು ಸ್ವಲ್ಪ ಬಂತು, ಎಡಗೈ ಬರಲಿಲ್ಲ. ಬೆರಳಿಗೆ ಶಕ್ತಿ ಇದೆ, ಅವರಾಗಿ ಆಡಿಸಬೇಕು, ಇಷ್ಟವಾದ ಕೆಲಸ ಏನಾದರೂ ಕೊಡಿ ಎಂದು ತುಮಕೂರಿನ ಫಿಸಿಯೋಥೆರಪಿಯವರು ಹೇಳಿದ್ದರು. ಅದಕ್ಕೇ ಗಂಗಾಂಬಿಕಾ ಅವರು ತಬಲಾ ನುಡಿಸಿದ ನಾಟಕದ ಪದಗಳ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಸಿ, ಪ್ರತಿ ವಾರ ತುಮಕೂರಿಗೆ ಹೋಗುವಾಗ ಕಾರಿನಲ್ಲಿ ಹಾಕುತ್ತಿದ್ದಳು.

"ಏನು ಕೇಳಿಸ್ಬೇಕು ಯಜಮಾನ್ರೆ ನಿಮಗೆ?" ಅಂಬರೀಶ ಅವರ ಪಕ್ಕ ನೆಲದ ಮೇಲೆ ಕೂತ.

"ತಬಲಾ ಅಂದ್ರೆ ಎಲ್ಡು ಕಣಪ್ಪ. ಬಲಗೈಗೆ ತಬಲಾ, ಎಡಗೈಗೆ ಡಗ್ಗ." ಮುದುಕರು ನಿಧಾನವಾಗಿ, ಒಂದೊಂದೇ ಪದ ಇಟ್ಟು ಮಾತಾಡಿದರು. "ಈ ಕಾರ್‌ನಾಗೆ ಬಲಗೈ ಕೇಳ್ತೈತೆ. ಡಗ್ಗ ಇಲ್ಲ. ನನ್ ಎಡಗೈ ಪದದಾಗೂ ಸತ್ತೋಗೈತೆ ಅನ್ಕಂಡೆ."

ಗಂಗಾಂಬಿಕಾ ಎದ್ದು ಒಳಗೆ ಹೋದಳು.

"ನಾನು ಹಾಕಿದ್ದರಾಗೆ ಡಗ್ಗ ಬರ್ಲಿಲ್ವಾ?"

"ಅದು ಬರೀ ಗುದ್ದು. ಡಗ್ಗ ಗುದ್ದಲ್ಲ, ಮಾತು." ಬಲ ಅಂಗೈಯ ಬುಡವನ್ನು ತೊಡೆಗೆ ಒತ್ತಿ ಉಜ್ಜಿ, ಬಾಯಲ್ಲೇ ನುಡಿದು ತೋರಿಸಿದರು: "ಘೇ... ಎ... ಎ. ಇಂಗೆ ಜಾರ್ಬೇಕು. ಕೆಳಗಿಂದ ಮೇಲಕ್ಕೆ."

ಅಂಬರೀಶ ಅವರ ಕೈಯನ್ನೇ ನೋಡುತ್ತಿದ್ದ. ಜೋರು ಬೇಕೆಂದವರಿಗೆ ಜೋರು ಕೊಟ್ಟೇ ಅವನಿಗೆ ಅಭ್ಯಾಸ. ಜಾರುವ ಬೇಸ್ ಯಾರೂ ಕೇಳಿರಲಿಲ್ಲ.

*

ಮುಂದಿನ ಕೆಲವು ಸಂಜೆಗಳು ಅಂಗಡಿಯಲ್ಲಿ ಕಳೆದವು. ಅವಳು ಕೆಲಸ ಮುಗಿಸಿ ಹೋಗುವಾಗ ಕಾರು ನಿಲ್ಲಿಸುತ್ತಿದ್ದಳು. ಅವನು ಬೇರೆ ಬೇರೆ ಸಬ್‌ವೂಫರ್‌ಗಳನ್ನು ತಾತ್ಕಾಲಿಕ ಡಬ್ಬಿಗಳಿಗೆ ಕೂರಿಸಿ, ಅವಳಪ್ಪನ ಪದ ಹಾಕುತ್ತಿದ್ದ.

ಹುಡುಗರು ಒಯ್ಯುವ ದಪ್ಪ ಅಯಸ್ಕಾಂತದ ಹತ್ತು ಇಂಚಿನದು ಸಣ್ಣ ಡಬ್ಬಿಯಲ್ಲಿ ಉಸಿರು ಕಟ್ಟಿದಂತೆ ಗೊಗ್ಗರು ದನಿಯಲ್ಲಿ ಗುರುಗುಟ್ಟಿತು. ತೂತಿರುವ ಡಬ್ಬಿ ಹಾಕಿದರೆ ಸದ್ದು ದೊಡ್ಡದಾಯಿತು, ಆದರೆ ಒಂದು ಪೆಟ್ಟಿನ ಬಾಲ ಮುಂದಿನ ಪೆಟ್ಟಿನ ಮೇಲೆ ಬಿತ್ತು.

"ಕಣ್ಣು ಮುಚ್ಕೊಂಡು ಕೇಳಿ," ಎಂದು ಅಂಬರೀಶ ಕೊನೆಗೆ ಎಂಟು ಇಂಚಿನದೊಂದನ್ನು ಜೋಡಿಸಿದ. ತಟ್ಟೆಯ ಹಾಗೆ ತೆಳ್ಳಗಿತ್ತು. ಸಣ್ಣ ಡಬ್ಬಿಗೆಂದೇ ಮಾಡಿದ್ದು. ಎಲ್ಲ ಕಡೆ ಮುಚ್ಚಿದ ಡಬ್ಬಿ, ಸ್ವಲ್ಪವೇ ಗಾಳಿ ಸಾಕು.

ಅವಳು ಕಣ್ಣು ಮುಚ್ಚಿದಳು. ಪದ ಶುರುವಾಯಿತು. ಅವಳ ರೆಪ್ಪೆಗಳ ಮೇಲೆ ಧೂಳಿನ ಸಣ್ಣ ಗೆರೆ ಇತ್ತು. ಕಿವಿಯ ಹಿಂದೆ ಸಿಕ್ಕಿಸಿದ ಕೂದಲು ಜಾರಿ ಕೆನ್ನೆಗೆ ಬಂತು. ಅಂಬರೀಶ ಪದ ಕೇಳುವುದನ್ನು ಬಿಟ್ಟು ಎಷ್ಟೋ ಹೊತ್ತಾಗಿತ್ತು.

"ಘೇ... ಎ... ಎ," ಎಂದು ಅವಳು ಪಿಸುಗುಟ್ಟಿದಳು. "ಜಾರ್ತು!" ಎಂದು ಥಟ್ಟನೆ ಕಣ್ಣು ಬಿಟ್ಟಳು. ಅವನಿಗೆ ನೋಟ ತಿರುಗಿಸಿಕೊಳ್ಳಲು ಸಮಯ ಸಿಗಲಿಲ್ಲ.

"ನೀವೂ ಕಣ್ಣು ಮುಚ್ಕೊಂಡು ಕೇಳ್ಬೇಕಿತ್ತು," ಎಂದಳು ಮೆಲ್ಲಗೆ.

"ಇಬ್ರೂ ಮುಚ್ಕೊಂಡ್ರೆ ಅಂಗಡಿ ನೋಡ್ಕೊಳ್ಳೋರು ಯಾರು?"

ಆ ಭಾನುವಾರ ಕೊರಟಗೆರೆಯಲ್ಲಿ ಡಬ್ಬಿಯ ಕೆಲಸ. ಡಿಕ್ಕಿಯನ್ನು ಯಾಕೆ ಮುಟ್ಟಬಾರದಿತ್ತು ಎಂದು ಈಗ ತಿಳಿದಿತ್ತು. ಗಾಲಿಕುರ್ಚಿ ಮಡಚಿ ಇಟ್ಟರೆ ಅದು ಭರ್ತಿ. ಆದರೂ ಕಾರಿನ ಹಿಂದಿನ ಟೈರಿನ ಮೇಲಿನ ಉಬ್ಬಿನ ಪಕ್ಕ ಒಂದು ಮೂಲೆ ಉಳಿಯುತ್ತಿತ್ತು. ಅವಳು ರಟ್ಟು ಹಿಡಿದಳು, ಅವನು ಆ ಮೂಲೆಯ ಆಕಾರಕ್ಕೆ ಕತ್ತರಿಸಿದ. ಡಿಕ್ಕಿಯೊಳಗೆ ಇಬ್ಬರೂ ಒಟ್ಟಿಗೆ ಬಗ್ಗಿ ತಲೆ ಢೀ ಹೊಡೆದುಕೊಂಡರು.

ರಟ್ಟಿನ ಅಳತೆಗೆ ಜೋಡಿಸಿದ ಓರೆಕೋರೆಯಾದ ಮರದ ಡಬ್ಬಿಗೆ ಎಷ್ಟು ಗಾಳಿ ಹಿಡಿಯುತ್ತದೆಂದು ಲೆಕ್ಕ ಹಾಕಲು ಅವನು ಪರದಾಡುತ್ತಿದ್ದಾಗ, ಅವಳು ಒಳಗಿಂದ ರಾಗಿಯ ಡಬ್ಬವನ್ನೂ ಲೀಟರ್ ಅಳತೆಯನ್ನೂ ತಂದಿಟ್ಟಳು.

"ತುಂಬಿ ನೋಡಿದ್ರಾಯ್ತಲ್ಲ?"

ಅವಳು ಸುರಿದಳು, ಅವನು ಎಣಿಸಿದ. ನಡುವೆ ಅವಳ ಮುಖ ನೋಡಿ ಲೆಕ್ಕ ತಪ್ಪಿದ. ಎಲ್ಲ ಹೊರಗೆ ಸುರಿದು ಮತ್ತೆ ಮೊದಲಿಂದ ಅಳೆಯಬೇಕಾಯಿತು. ಪಕ್ಕದ ಮನೆಯ ಸರಸಮ್ಮ ಕಾಂಪೌಂಡಿನ ಮೇಲಿಂದ, "ಏನ್ ಗಂಗಾ, ರಾಗಿ ಮಾರ್ತಿದೀಯೇನೇ?" ಎಂದು ಕೂಗಿದರು. ಎರಡನೆಯ ಸಲ ಅಳತೆ ಸರಿಯಾಗಿ ಕೂತಿತು. ಅವಳ ಜಡೆಯಲ್ಲಿ ರಾಗಿ ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಚಾಚಿದ ಅಂಬರೀಶ, ಜಗುಲಿಯ ಮೇಲೆ ಚಿಕ್ಕನರಸಯ್ಯ ನೋಡುತ್ತಿರುವುದನ್ನು ಕಂಡು ಕೈ ಹಿಂದಕ್ಕೆಳೆದುಕೊಂಡ. ಮುದುಕರು ಬೇಕೆಂದೇ ಆಕಾಶ ನೋಡಿದರು.

*

ಎಲ್ಲ ಜೋಡಿಸಿದ ಮೇಲೆ ಮೂವರೂ ಗೊರವನಹಳ್ಳಿ ಕಡೆ ಹೊರಟರು. ಗಂಗಾಂಬಿಕಾ ಓಡಿಸುತ್ತಿದ್ದಳು. ಅಪ್ಪ ಅವಳ ಪಕ್ಕ, ಅಂಬರೀಶ ಹಿಂದೆ. ಊರು ದಾಟಿದ ಮೇಲೆ ಅವಳು ಪೆನ್‌ಡ್ರೈವ್ ಚುಚ್ಚಿದಳು.

ಹಾರ್ಮೋನಿಯಂ ಎದ್ದಿತು. ಯಾವನೋ ಪಾತ್ರಧಾರಿ ಏರುದನಿಯಲ್ಲಿ ಪದ ಎತ್ತಿಕೊಂಡ. ಬಲಗೈ ಟಕಟಕನೆ ನುಡಿಯಿತು. ಅಂಬರೀಶ ಉಸಿರು ಹಿಡಿದ. ಈ ಸಲವೂ ಅವರು ಮುಖ ತಿರುಗಿಸಿದರೆ ಮತ್ತೆ ಕೊಡಲು ಅವನ ಅಂಗಡಿಯಲ್ಲಿ ಏನೂ ಉಳಿದಿರಲಿಲ್ಲ.

ಘೇ... ಎ... ಎ.

ಸೀಟು ಅಲುಗಲಿಲ್ಲ. ಬಾಗಿಲು ಗಡಗುಟ್ಟಲಿಲ್ಲ. ಯಾರೋ ಕಾರಿನೊಳಗೇ ಕೂತು ಡಗ್ಗದ ಮೇಲೆ ಅಂಗೈ ಜಾರಿಸಿದಂತೆ ದನಿ ಕೆಳಗಿಂದ ಮೇಲಕ್ಕೆ ತೆವಳಿತು.

ಚಿಕ್ಕನರಸಯ್ಯ ತಲೆ ತಗ್ಗಿಸಿ ಮಡಿಲನ್ನು ನೋಡುತ್ತಿದ್ದರು. ಪದ ಸುತ್ತಿಕೊಂಡು ಮತ್ತೆ ಅದೇ ಜಾಗಕ್ಕೆ ಬಂದಾಗ ಅವರ ಎಡಗೈಯ ಎರಡು ಬೆರಳು ಪಂಚೆಯ ಮೇಲೆ ಒಂದಿಷ್ಟು ಎದ್ದು ಬಿದ್ದವು. ಮುಂದಿನ ಸುತ್ತಿಗೆ ಮತ್ತೊಮ್ಮೆ. ಪೆಟ್ಟಿಗಿಂತ ಸ್ವಲ್ಪ ತಡವಾಗಿ, ಆದರೂ ತಪ್ಪದೆ.

"ಐತೆ ಕಣಮ್ಮ," ಎಂದರು. "ನನ್ ಎಡಗೈ ಐತೆ."

ಗಂಗಾಂಬಿಕಾ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಇಳಿದು, ರಸ್ತೆಯಂಚಿಗೆ ನಡೆದು ಬೆನ್ನು ತಿರುಗಿಸಿ ನಿಂತಳು. ಅಂಬರೀಶ ಹಿಂದೆಯೇ ಹೋದ. ಅವಳು ದುಪಟ್ಟಾದಿಂದ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದಳು.

"ಆಸ್ಪತ್ರೆಯಿಂದ ಕರ್ಕೊಂಡು ಬಂದಾಗಿಂದ ನಾನು ಪೂರ್ತಿ ಉಸಿರೇ ಬಿಟ್ಟಿರ್ಲಿಲ್ಲ ಅನ್ನಿಸ್ತೈತೆ," ಎಂದಳು.

"ಈಗ ಬಿಡಿ. ಯಾರೂ ಅವಸರ ಮಾಡಲ್ಲ."

ಅವಳು ನಿಜವಾಗಿಯೂ ಉದ್ದಕ್ಕೆ ಉಸಿರು ಬಿಟ್ಟಳು. ಭುಜಗಳು ಇಳಿದವು.

"ಗಂಗಾ ಅವ್ರೆ," ಅಂಬರೀಶ ಒಂದು ಹೆಜ್ಜೆ ಹತ್ತಿರ ಬಂದ. "ನಮ್ಮವ್ವನ್ನ ಒಂದಿನ ನಿಮ್ಮನೆಗೆ ಕರ್ಕೊಂಡು ಬರ್ಲಾ?"

"ಯಾಕೆ?"

"ಮಾತಾಡೋಕೆ."

"ನಿಮ್ಮವ್ವ ಆಮೇಲೆ ಮಾತಾಡ್ಲಿ. ಮೊದ್ಲು ನೀವು ಮಾತಾಡಿ."

ಅವನು ನೆಲ ನೋಡಿದ, ಮರ ನೋಡಿದ, ಕೊನೆಗೆ ಅವಳನ್ನು ನೋಡಿದ.

"ಸಂಜೆ ಆದ್ರೆ ನಿಮ್ಮ ಕಾರು ಬರೋ ದಿಕ್ಕಿಗೇ ಸ್ಟೂಲ್ ಹಾಕ್ಕೊಂಡು ಕೂರ್ತೀನಿ. ನಿಮಗೆ ಗಂಡ ಇದಾನೆ ಅಂತ ಅನ್ಕೊಂಡಿದ್ದಾಗ್ಲೂ ಕೂತಿದ್ದೆ, ತಪ್ಪು ಅಂತ ಬೈಕೊಂಡು. ನೀವು ಅಂದ್ರೆ ನಂಗೆ ಇಷ್ಟ. ತುಂಬಾ ಇಷ್ಟ."

ಅವಳ ಮುಖ ಕೆಂಪಾಯಿತು. ಆದರೆ ನೋಟ ಕದಲಿಸಲಿಲ್ಲ.

"ಅಪ್ಪನ್ನ ಬುಟ್ಟು ನಾನು ಎಲ್ಲಿಗೂ ಬರಲ್ಲ ಅಂಬರೀಶ್. ನೋಡೋಕೆ ಬಂದೋರೆಲ್ಲ ಆ ಮಾತು ಕೇಳಿ, ಕಾಫಿ ಮುಗ್ಸಿ ಎದ್ದು ಹೋದ್ರು."

"ನೀವ್ಯಾಕೆ ಬರ್ಬೇಕು? ಕೊರಟಗೆರೆಯಿಂದ ಮಧುಗಿರಿಗೆ ಬೆಳಗ್ಗೆಯಿಂದ ಸಂಜೆವರೆಗೂ ಬಸ್ ಐತೆ. ನಾನೇ ಅಂಗಡಿಗೆ ಓಡಾಡ್ತೀನಿ. ನಮ್ಮವ್ವನಿಗೂ ಅದನ್ನೇ ಹೇಳಿದೀನಿ."

"ಆಗ್ಲೇ ಹೇಳಿಬುಟ್ಟಿದೀರಾ? ಏನಂದ್ರು?"

"ಹುಡುಗಿ ಒಪ್ಪಿದ್ಲಾ ಅಂತ ಕೇಳಿದ್ರು. ನಂಗೇ ಗೊತ್ತಿಲ್ಲ ಅಂದೆ. ಬೈದ್ರು."

ಅವಳು ಜೋರಾಗಿ ನಕ್ಕಳು. ನಗು ನಿಂತ ಮೇಲೆ, ಕಾರಿನ ಕಡೆ ಒಮ್ಮೆ ನೋಡಿ, ಅವನ ಕಡೆ ತಿರುಗಿ, "ಒಪ್ಪಿದ್ಲು ಅಂತ ಹೇಳಿ," ಎಂದಳು.

ಅಂಬರೀಶ ತಲೆಯಾಡಿಸಿದ. ಆಡಿಸುತ್ತಲೇ ಇದ್ದ. ಅವಳು ಕಾರಿನ ಕೀಯನ್ನು ಅವನ ಅಂಗೈಯಲ್ಲಿಟ್ಟು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಕೈ ಅಲ್ಲೇ ಬಿಟ್ಟಳು.

"ನೀವು ಓಡಿಸಿ. ನಾನು ಹಿಂದೆ ಕೂತು ಪದ ಕೇಳ್ತೀನಿ."

ಅವಳು ಹಿಂದೆ ಕೂತು ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದಳು. ಚಿಕ್ಕನರಸಯ್ಯ ಬಲಗೈ ಚಾಚಿ ಪದವನ್ನು ಮತ್ತೆ ಮೊದಲಿಂದ ಹಾಕಿಕೊಂಡರು. ಎಡಗೈ ತನ್ನಷ್ಟಕ್ಕೆ ಪಂಚೆಯ ಮೇಲೆ ಹುಡುಕಾಡುತ್ತಿತ್ತು.

"ನಿಧಾನಕ್ಕೆ ಓಡಿಸಪ್ಪ," ಎಂದರು. "ಪದ ಮುಗಿಯೋಕೆ ಮುಂಚೆ ಊರು ಬಂದ್‌ಬುಡಬಾರ್ದು."

ಅಂಬರೀಶ ಗೇರು ಇಳಿಸಿದ.