ನೂರು ಪಿಕೋವ್ಯಾಟ್

ಗಂಡು ಮಂಗಟ್ಟೆ ಹಕ್ಕಿ ಇವತ್ತೂ ಬಂದಿರಲಿಲ್ಲ.

ತಾರೆ ಮರದ ಪೊಟರೆಯೊಳಗಿಂದ ಹೆಣ್ಣು ಕರೆಯುತ್ತಲೇ ಇತ್ತು. ನಿನ್ನೆ ಕೂಗಿನಲ್ಲಿ ಗಟ್ಟಿತನವಿತ್ತು. ಇವತ್ತು ದನಿ ಸೋತಿತ್ತು. ಕೆಳಗೆ ನಿಂತ ಮಾದೇವನಿಗೆ ಅದನ್ನು ಕೇಳಿ ಸಹಿಸಲಾಗುತ್ತಿರಲಿಲ್ಲ. ಹೇರೂರಿನಾಚೆಯ ಈ ಕಾಡಿನಲ್ಲಿ ಗೂಡು ಕಾಯುವುದೇ ಅವನ ಕೆಲಸ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಸೇರಿ ಅದರ ಬಾಯನ್ನು ಒಳಗಿನಿಂದ ಮೆತ್ತಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು. ಆಮೇಲೆ ತಾಯಿಗೂ ಮರಿಗೂ ಗಂಡು ತಂದದ್ದೇ ಊಟ. ಅದು ಬರದಿದ್ದರೆ ಒಳಗಿನವು ಹಸಿದು ಸಾಯಬೇಕು.

ಅದಕ್ಕೂ ಮಿಗಿಲಾಗಿ ಅವನನ್ನು ಸುಡುತ್ತಿದ್ದುದು ಉಲ್ಲಾಸನ ಮಾತು.

ಉಲ್ಲಾಸ ಮಂಗಟ್ಟೆಗಳ ಮೇಲೆ ಸಂಶೋಧನೆ ಮಾಡುವವನು. ಗಂಡುಹಕ್ಕಿಯ ಬೆನ್ನಿಗೆ ಸಣ್ಣದೊಂದು ರೇಡಿಯೋ ಟ್ಯಾಗ್ ಕಟ್ಟಿದವನೂ ಅವನೇ. ಟ್ಯಾಗಿನ ಸಿಗ್ನಲ್ಲು ಕಾಡಿನಂಚಿನ ಅವನ ಬಿಡಾರಕ್ಕೆ, ಛಾವಣಿಯ ಆಂಟೆನಾಕ್ಕೆ ಬರುತ್ತದೆ. ಹಕ್ಕಿ ಕಾಣೆಯಾದ ಸುದ್ದಿ ತಿಳಿದು ನಿನ್ನೆ ಸಿದ್ದಾಪುರದಿಂದ ವಲಯ ಅರಣ್ಯಾಧಿಕಾರಿ ಪ್ರತಿಭಾ ಬಂದಾಗ ಅವನು ಹೇಳಿದ್ದು ಇಷ್ಟು: ಹಕ್ಕಿ ಬದುಕಿದೆ, ಸಿಗ್ನಲ್ಲಿನ ಬಲ ಮೈನಸ್ ಎಪ್ಪತ್ತು ಡಿಬಿಎಂ ಇದೆ. ಮಾದೇವ ಜೇನು ತೆಗೆಯಲು ಮರದ ಬುಡದಲ್ಲಿ ಹೊಗೆ ಹಾಕಿರಬೇಕು, ಹೆದರಿ ಆಚೆ ಗುಡ್ಡ ಸೇರಿದೆ.

ಮಾದೇವ ಹೊಗೆ ಹಾಕಿರಲಿಲ್ಲ. ಆದರೆ ಅವನು ಜೇನು ತೆಗೆಯುವವನೆಂದು ಊರಿಗೆಲ್ಲ ಗೊತ್ತು. ಯಾರು ನಂಬುತ್ತಾರೆ?

ಅವನ ಕೈಗೆ ಸಿಕ್ಕಿದ್ದು ಒಂದೇ. ಮರದ ಹತ್ತಿರದ ಪೊದೆಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪು ನೈಲಾನ್ ಎಳೆ, ಕೂದಲಿನಷ್ಟು ಸಪೂರ. ಪ್ರತಿಭಾ ಅದನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. ಬಲೆಯದ್ದಿರಬಹುದು ಎಂದರು. ಮೊದಲು ಅನುಮಾನ ಹೋದದ್ದು ಯಲ್ಲಾಪುರದ ನಂದನನ ಮೇಲೆ. ಗೂಡಿನ ಫೋಟೋಕ್ಕಾಗಿ ಹೋದ ವಾರವಿಡೀ ಮಾದೇವನ ಬೆನ್ನು ಹತ್ತಿದ್ದ ಆಸಾಮಿ. ವಿಚಾರಿಸಿದರೆ, ಅವನು ಮೂರು ದಿನದಿಂದ ಶಿರಸಿಯ ಮದುವೆಯೊಂದರಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ನೋಡಿದವರು ನೂರು ಮಂದಿ.

ಉಳಿದವನು ಮಾದೇವನೇ.

ಪ್ರತಿಭಾ ಇವತ್ತು ಬೆಳಿಗ್ಗೆ ಮತ್ತೆ ಬಂದರು. ಮಾದೇವನನ್ನೂ ಕರೆದುಕೊಂಡು ಬಿಡಾರಕ್ಕೆ ನಡೆದರು. ಉಲ್ಲಾಸ ಸಿಗ್ನಲ್ಲು ಅಳೆಯುವ ಯಂತ್ರವನ್ನು ಅವರತ್ತ ತಿರುಗಿಸಿದ.

“ನೋಡಿ ಮೇಡಂ. ನಿನ್ನೆ ಮೈನಸ್ ಎಪ್ಪತ್ತು. ಇವತ್ತು ನೂರು. ಎಷ್ಟು ಏರಿದೆ! ಹಕ್ಕಿ ಓಡಾಡ್ತಾ ಇದೆ. ಇವನನ್ನ ಅಲ್ಲಿಂದ ತೆಗೆದ್ರೆ ತಾನೇ ಬರತ್ತೆ.”

ಪರದೆಯ ಮೇಲೆ ದಪ್ಪಕ್ಷರದಲ್ಲಿ ನೂರು. ಅದರ ಪಕ್ಕ ಇರುವೆ ಗಾತ್ರದ ಎರಡು ಇಂಗ್ಲಿಷ್ ಅಕ್ಷರ.

ಪ್ರತಿಭಾ ಕುರ್ಚಿ ಎಳೆದು ಕೂತರು. ಆ ಎರಡು ಅಕ್ಷರಗಳನ್ನು ಹತ್ತಿರದಿಂದ ಓದಿದರು. ಆಮೇಲೆ ಮಾದೇವನ ಕಡೆ ತಿರುಗಿದರು.

“ಹಕ್ಕಿ ಹಾರಾಡೋವಾಗ ಈ ಅಂಕಿ ಹ್ಯಾಗಿರ್ತಿತ್ತು?”

“ಇಲ್ಲಿಗೆ ಬಂದಾಗೆಲ್ಲ ನೋಡ್ತಿದ್ದೆ ಮೇಡಂ, ಒಂದು ಗಳಿಗೆ ನಿಲ್ತಿರ್ಲಿಲ್ಲ. ಏರೋದು, ಇಳಿಯೋದು.”

“ಈಗ?”

ಮಾದೇವ ಬಗ್ಗಿ ನೋಡಿದ. ನೂರು ನೂರಾಗಿಯೇ ಇತ್ತು.

ಪ್ರತಿಭಾ ಎದ್ದರು. ಕೈಯಲ್ಲಿ ಹಿಡಿಯುವ ಸಣ್ಣ ಆಂಟೆನಾ ಕೊಡಿ ಎಂದು ಉಲ್ಲಾಸನನ್ನು ಕೇಳಿದರು. ಅದು ಕೆಟ್ಟಿದೆ ಎಂದ. ಇರಲಿ, ಕೊಡಿ ಎಂದರು. ಕೆಟ್ಟಿರಲಿಲ್ಲ. ಮೂವರೂ ಹಳ್ಳ ದಾಟಿ ಗುಡ್ಡ ಹತ್ತಿದರು. ಮುಂದೆ ಆಂಟೆನಾ ತಿರುಗಿಸುತ್ತ ಪ್ರತಿಭಾ, ಕೊನೆಯಲ್ಲಿ ಉಲ್ಲಾಸ. ಸಿಗ್ನಲ್ಲು ಬಲವಾಗುತ್ತ ಹೋಯಿತು. ನೆತ್ತಿಯ ನಂದಿ ಮರದ ಹತ್ತಿರ ಕಿರಿಚತೊಡಗಿತು. ಮಾದೇವ ಮೇಲೆ ನೋಡಿದ. ಹಕ್ಕಿ ಇರಲಿಲ್ಲ. ಕೊಂಬೆಗೆ ಕಟ್ಟಿದ ಟ್ಯಾಗು ಇತ್ತು. ಕಟ್ಟಿದ್ದು ಕಪ್ಪು ನೈಲಾನ್ ಎಳೆಯಿಂದ.

ಉಲ್ಲಾಸ ತಡವರಿಸಿದ. ಯಾರೋ ಹಕ್ಕಿ ಹಿಡಿದು ಟ್ಯಾಗು ಇಲ್ಲಿ ಕಟ್ಟಿದ್ದಾರೆ, ಇವನೇ ಇರಬೇಕು ಎಂದು ಮಾದೇವನತ್ತ ಕೈ ತೋರಿಸಿದ.

“ಟ್ಯಾಗನ್ನ ಯಾರು ಬೇಕಾದ್ರೂ ಕಟ್ಟಬಹುದಿತ್ತು,” ಪ್ರತಿಭಾ ಅಂದರು. “ಆದ್ರೆ ಯಂತ್ರದ ಗುಂಡಿ ಒತ್ತಿದ್ದು ಯಾರು? ನಿನ್ನೆಯ ಲೆಕ್ಕ ಡಿಬಿಎಂ. ಇವತ್ತಿನದು ಪಿಕೋವ್ಯಾಟ್. ಯೂನಿಟ್ಟೇ ಬೇರೆ.”

ಮಾದೇವನಿಗೆ ತಿಳಿಯಲಿಲ್ಲ. ಅವರು ಅವನಿಗೂ ಅರ್ಥವಾಗುವಂತೆ ಬಿಡಿಸಿದರು. ಸೊನ್ನೆ ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್. ಅಲ್ಲಿಂದ ಹತ್ತು ಇಳಿದಾಗಲೆಲ್ಲ ಶಕ್ತಿ ಹತ್ತರಲ್ಲಿ ಒಂದು ಪಾಲು. ಮೈನಸ್ ಎಪ್ಪತ್ತು ಎಂದರೆ ಹೀಗೆ ಏಳು ಸಲ ಹತ್ತರಿಂದ ಭಾಗಿಸಬೇಕು. ಮಿಲಿವ್ಯಾಟಿನ ಕೋಟಿಯಲ್ಲೊಂದು ಪಾಲು. ಒಂದು ಮಿಲಿವ್ಯಾಟಿನಲ್ಲಿ ನೂರು ಕೋಟಿ ಪಿಕೋವ್ಯಾಟ್. ಅದರ ಕೋಟಿಯಲ್ಲೊಂದು ಪಾಲು ಎಷ್ಟು?

“ನೂರು,” ಎಂದ ಮಾದೇವ.

“ಅಷ್ಟೇ. ಮೈನಸ್ ಎಪ್ಪತ್ತೂ ಅದೇ, ನೂರೂ ಅದೇ. ಟ್ಯಾಗು ನಿನ್ನೆಯಿಂದ ಅಲ್ಲಾಡಿಲ್ಲ. ಎರಡು ದಿನವೂ ಒಂದೇ ಅಂಕಿ ಕಂಡ್ರೆ ನನಗೆ ಅನುಮಾನ ಬರತ್ತೆ ಅಂತ ನೀವು ಯೂನಿಟ್ ಬದಲಿಸಿದ್ರಿ, ಉಲ್ಲಾಸ. ದಿನಾ ಈ ಯಂತ್ರದ ಜೊತೆ ಇರೋರು ಅರಿಯದೆ ಏರಿದೆ ಅನ್ನೋದಿಲ್ಲ. ಹಕ್ಕಿ ಎಲ್ಲಿ?”

ಉಲ್ಲಾಸ ಎಲ್ಲ ಹೇಳಿದ. ಟ್ಯಾಗಿನ ಬ್ಯಾಟರಿ ಇಳಿಯುತ್ತಿತ್ತು, ಬದಲಿಸಲು ಹಕ್ಕಿಯನ್ನು ಹಿಡಿಯಬೇಕಿತ್ತು. ಗೂಡಿನ ಕಾಲದಲ್ಲಿ ಹಕ್ಕಿ ಹಿಡಿಯಲು ಅನುಮತಿಯಿಲ್ಲ. ಮಾದೇವ ಊಟಕ್ಕೆ ಹೋದಾಗ ಬಲೆ ಕಟ್ಟಿದ್ದ. ಒದ್ದಾಡಿ ಹಕ್ಕಿಯ ರೆಕ್ಕೆ ಉಳುಕಿತು. ತಿಳಿದರೆ ಸಂಶೋಧನೆಯೇ ನಿಂತುಹೋದೀತೆಂಬ ಭಯ. ವಾಸಿ ಮಾಡಿ ಗುಟ್ಟಾಗಿ ಬಿಡುವ ಎಂದುಕೊಂಡು, ಅಲ್ಲಿಯವರೆಗೆ ಹಕ್ಕಿ ಗುಡ್ಡದಲ್ಲಿದೆಯೆಂದು ನಂಬಿಸಲು ಟ್ಯಾಗನ್ನು ಇಲ್ಲಿ ಕಟ್ಟಿದ್ದ. ಕೋಲಸಿರ್ಸಿಯ ಬಾಡಿಗೆ ಕೋಣೆಯಲ್ಲಿ ಹಕ್ಕಿ ಬುಟ್ಟಿಯಡಿ ಇದೆ.

“ಒಳಗೆ ಮರಿ ಇರೋದು ಗೊತ್ತಿತ್ತಲ್ಲ ನಿಮಗೆ?” ಮಾದೇವ ಕೇಳಿದ್ದು ಅದೊಂದೇ.

ಹಕ್ಕಿ ಶಿರಸಿಯ ಪಶುವೈದ್ಯರ ಕೈ ಸೇರಿತು. ಹಾರಲು ಕೆಲವು ವಾರ ಬೇಕು ಎಂದರು. ಉಲ್ಲಾಸನ ಮೇಲೆ ಮೊಕದ್ದಮೆ ದಾಖಲಾಯಿತು.

ಮಧ್ಯಾಹ್ನ ಮಾದೇವ ಉದ್ದನೆಯ ಬಿದಿರಿನ ತುದಿ ಸೀಳಿ ಗೋಳಿಹಣ್ಣು ಸಿಕ್ಕಿಸಿದ. ಪಕ್ಕದ ಮರವೇರಿ ಪೊಟರೆಯ ಸೀಳಿನ ಹತ್ತಿರ ಒಯ್ದ. ಒಳಗೆ ಸದ್ದಿಲ್ಲ. ಕೈ ಸೋಲುತ್ತ ಬಂತು. ಕೆಳಗಿನಿಂದ ಪ್ರತಿಭಾ ಸಾಕು, ಇಳಿ ಎಂದರು. ಅವನು ಇಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಹಳದಿ ಕೊಕ್ಕೊಂದು ಮೆಲ್ಲನೆ ಹೊರಬಂದು ಹಣ್ಣು ಕಚ್ಚಿತು. ಹಿಂದೆಯೇ ಒಳಗಿನಿಂದ ಮರಿಯ ಕೀರಲು ದನಿ ಕೇಳಿತು.