ಎರಡು ಗಂಟೆಯ ರೀಸ್ಟಾರ್ಟ್

ರಿಸೀವರ್ ಕೈಗೆತ್ತಿಕೊಂಡ ಮೇಲೆಯೇ ಶಿವರಂಜಿನಿಗೆ ಹೊಳೆದದ್ದು, ಇವತ್ತಿನಿಂದ ಗುಂಡ್ಲುಪೇಟೆಗೆ ಫೋನ್ ಮಾಡಲು ತನ್ನ ಹತ್ತಿರ ಕಾರಣವೇ ಇಲ್ಲ ಎಂದು.

ಎದುರಿನ ಸರ್ವರ್ ಪರದೆ ಅವಳು ನೋಡುನೋಡುತ್ತಿದ್ದಂತೆಯೇ ಕಪ್ಪಾಯಿತು, ಒಮ್ಮೆ ಬೀಪ್ ಎಂದಿತು, ಮತ್ತೆ ತಾನೇ ತಾನಾಗಿ ಎದ್ದು ಕೂತಿತು. ಅದನ್ನು ಯಾರೂ ಮುಟ್ಟಿರಲಿಲ್ಲ. ಗೋಡೆ ಗಡಿಯಾರದಲ್ಲಿ ಎರಡು ಗಂಟೆಯಾಗಿತ್ತು.

“ಅಷ್ಟೇನಾ?” ಎಂದಳು ಕಂಪ್ಯೂಟರಿಗೆ.

ಚಾಮರಾಜನಗರಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು ಅದು. ಅವಳ ಅಪ್ಪ ಗುರುಸಿದ್ದಯ್ಯನವರ ಟೈಪಿಂಗ್ ಇನ್‌ಸ್ಟಿಟ್ಯೂಟು ಕಂಪ್ಯೂಟರ್ ಸೆಂಟರ್ ಆಗಿತ್ತು. ಹಿಂದಿನ ರೂಮಿನಲ್ಲಿ ಕೋಟೆ ಕಟ್ಟುವ, ಕೋಟೆ ಕೆಡವುವ ಆಟವೊಂದರ ಸರ್ವರ್ ಇತ್ತು. ಇಲ್ಲಿ ಮುಂದಿನ ಹಾಲಿನಲ್ಲಿ ಕೂತ ಕಾಲೇಜು ಹುಡುಗರೂ ಗುಂಡ್ಲುಪೇಟೆಯ ಸೈಬರ್ ಸೆಂಟರಿನ ಹುಡುಗರೂ ಇದೊಂದೇ ಡಬ್ಬದೊಳಗೆ ನುಗ್ಗಿ ಬಡಿದಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ಸುಸ್ತಾಗಿ ತೆವಳತೊಡಗುತ್ತಿತ್ತು. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡದಿದ್ದರೆ ನಿಂತೇ ಹೋಗುತ್ತಿತ್ತು.

ಆಡುವವರು ಒಳಗಿರುವಾಗಲೇ ರೀಸ್ಟಾರ್ಟ್ ಮಾಡಿದರೆ ಅವರು ಕಟ್ಟಿದ ಕೋಟೆ ಹೋಯಿತು. ಹಾಗಾಗಿ ಎರಡು ಗಂಟೆಗೆ ಅವಳು ಗುಂಡ್ಲುಪೇಟೆಗೆ ಫೋನ್ ಮಾಡಿ, ಎಲ್ಲರನ್ನೂ ಆಚೆ ಕಳಿಸಿ ಅನ್ನಬೇಕು. ಅಲ್ಲಿ ಸೆಂಟರ್ ನಡೆಸುವ ಮಹದೇವಪ್ರಸಾದ್, “ಏಳ್ರಲಾ, ಊಟಕ್ಕೋಗಿ” ಎಂದು ಹುಡುಗರಿಗೆ ಕೂಗಬೇಕು. ಆಟ ಮತ್ತೆ ತೆರೆದುಕೊಂಡ ಮೇಲೆ ಅವನು ತಿರುಗಿ ಫೋನ್ ಮಾಡಿ, “ಬಂತು” ಅನ್ನಬೇಕು. ಕೆಲಸ ಇಷ್ಟೇ. ಆದರೆ ಆ ‘ಬಂತು’ ಆದ ಮೇಲೆ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಊಟಿ ರಸ್ತೆಯಲ್ಲಿ ಕೇರಳದ ಬಸ್ಸಿನವರ ಹಾರ್ನು, ಅವಳ ಟ್ಯಾಲಿ ಕ್ಲಾಸಿನಲ್ಲಿ ನಿದ್ದೆ ಮಾಡುವವರು, ಅವನ ಅವ್ವನ ಮಂಡಿನೋವು, ಏನಾದರೊಂದು.

ಅವನನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ದನಿ ಕೇಳಿ ಉದ್ದನೆಯ, ದಪ್ಪ ಮೀಸೆಯ ಗಂಡಸೊಬ್ಬನನ್ನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದಳು. ಆ ಮೀಸೆಯನ್ನು ಪ್ರೀತಿಸುತ್ತಲೂ ಇದ್ದಳು, ಹೇಳಿರಲಿಲ್ಲ ಅಷ್ಟೇ.

ನಿನ್ನೆ ಆ ಮೀಸೆಯವನೇ ಅವಳು ತನ್ನ ಬಾಯಿಗೆ ತಾನೇ ಮಣ್ಣು ಹಾಕಿಕೊಳ್ಳುವಂತೆ ಮಾಡಿದ್ದ.

“ಒಂದು ಫೈಲ್ ಇಮೇಲ್ ಮಾಡಿದೀನಿ ಮೇಡಂ, ಡೆಸ್ಕ್‌ಟಾಪಲ್ಲಿ ಇಟ್ಕೊಳ್ಳಿ. ಕಂಟ್ರೋಲ್ ಪ್ಯಾನಲ್ ತೆಗೀರಿ. ಶೆಡ್ಯೂಲ್ಡ್ ಟಾಸ್ಕ್ಸ್ ಅಂತ ಇದೆಯಲ್ಲ, ಒತ್ತಿ.”

“ಒತ್ತಿದೆ. ಏನ್ರೀ ಇದು?”

“ಆ ಫೈಲ್ ತೋರ್ಸಿ. ಡೈಲಿ ಅನ್ನಿ. ಟೈಮು ಎರಡು ಗಂಟೆ. ಪಾಸ್‌ವರ್ಡ್ ಕೇಳುತ್ತೆ, ಖಾಲಿ ಬಿಟ್ರೆ ಓಡಲ್ಲ, ಏನಾದ್ರೂ ಹಾಕಿ.”

“ಹಾಕ್ದೆ.”

“ಮುಗೀತು! ನಾಳೆಯಿಂದ ಅದೇ ಹುಡುಗ್ರಿಗೆ ಮುಂಚೇನೇ ಹೇಳುತ್ತೆ, ಅದೇ ಕೋಟೆ ಉಳಿಸುತ್ತೆ, ಅದೇ ರೀಸ್ಟಾರ್ಟ್ ಆಗುತ್ತೆ. ಎರಡು ಗಂಟೆಗೆ ನಾವಿಬ್ರೂ ಫೋನ್ ಕಾಯೋದು ತಪ್ತು. ನೀವು ದಿನಾ ಆರಿದ ಊಟ ಮಾಡೋದೂ ತಪ್ತು.”

ಅವನ ದನಿಯಲ್ಲಿ ಖುಷಿ ಇತ್ತು. ಅವಳನ್ನು ಬೆಚ್ಚಿಬೀಳಿಸಿದ್ದು ಆ ಖುಷಿಯೇ. ಫೋನ್ ಕಾಯುವುದು ತಪ್ಪಿತು ಎಂದು ಹಿಗ್ಗುವ ಮನುಷ್ಯನಿಗಾಗಿ ತಾನು ಬೆಳಗ್ಗೆಯಿಂದ ಗಡಿಯಾರ ನೋಡುತ್ತಿದ್ದದ್ದು! “ಥ್ಯಾಂಕ್ಸ್ ರೀ” ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದಳು.

ಇವತ್ತು ‘ಬಂತು’ ಬರಲಿಲ್ಲ. ಮೂರಾಯಿತು, ನಾಲ್ಕಾಯಿತು, ಫೋನ್ ಉಸಿರೆತ್ತಲಿಲ್ಲ. ತಾನೇ ಮಾಡೋಣವೆಂದರೆ ಏನೆಂದು ಮಾಡುವುದು? ಕಾರಣವಿಲ್ಲದೆ ಬೇರೆ ಊರಿನ ಗಂಡಸಿಗೆ ಫೋನ್ ಮಾಡುವ ಹಾಗಿರಲಿಲ್ಲ, ಹೊರಗೆ ಅಪ್ಪ ಕೂತಿದ್ದರು.

ಸಂಜೆ ಅವರೇ ಒಳಗೆ ಬಂದರು. “ಪರವಾಗಿಲ್ಲ ಕಣಮ್ಮಿ, ಆ ಗುಂಡ್ಲುಪೇಟೆಯವ್ನು ಬುದ್ವಂತ. ಇನ್ನೊಂದ್ಸಲ ಇದು ಕೈಕೊಟ್ರೆ ಮಾತ್ರ ಆಟಗೀಟ ಎಲ್ಲಾ ಕಿತ್ತಾಕ್ಬುಟ್ಟು ಈ ಮಿಷಿನ್ನ ಟ್ಯಾಲಿ ಕ್ಲಾಸಿಗೆ ಹಾಕ್ಬುಡ್ತೀನಿ. ಹುಡುಗ್ರ ಗಲಾಟೆ ಸಾಕಾಗದೆ ನಂಗೆ.”

ಆಟ ಹೋದರೆ ಗುಂಡ್ಲುಪೇಟೆಗೂ ತನಗೂ ಇರುವ ಎಳೆಯೇ ಕಡಿದಂತೆ. ಇದು ಗೊತ್ತಿದ್ದೂ ಮರುದಿನ ಅವಳು ಮಾಡಬಾರದ್ದನ್ನು ಮಾಡಿದಳು. ಎರಡು ಹೊಡೆಯುವ ಮೊದಲು ಶೆಡ್ಯೂಲ್ಡ್ ಟಾಸ್ಕ್ಸ್ ತೆರೆದು, ಆ ಕೆಲಸದ ಮುಂದಿನ ಟಿಕ್ ಗುರುತು ತೆಗೆದುಬಿಟ್ಟಳು. ಸರ್ವರ್ ನಿಲ್ಲಲಿ. ಗುಂಡ್ಲುಪೇಟೆಯ ಹುಡುಗರು ಅರಚಲಿ. ಆಗಲಾದರೂ ಅವನು ಫೋನ್ ಮಾಡಲೇಬೇಕಲ್ಲ!

ಎರಡು ದಾಟಿ ಸ್ವಲ್ಪ ಹೊತ್ತಿಗೇ ಹಾಲಿನಿಂದ ಕೂಗು ಬಂತು. “ಅಕ್ಕಾ, ಕೋಟೆ ಅಲ್ಲಾಡ್ತಿಲ್ಲ!” ಅದರ ಬೆನ್ನಿಗೇ ಫೋನ್ ಹೊಡೆದುಕೊಂಡಿತು. ಮೊದಲ ರಿಂಗು ಮುಗಿಯುವ ಮುನ್ನವೇ ಎತ್ತಿದಳು.

“ಪ್ರಸಾದ್?”

“ಯಾರವ್ವಾ? ಎರಡ್ಗಂಟೆ ಉಡ್ಗೀನಾ?”

ಹೆಂಗಸಿನ ದನಿ.

“ನಾನು ಪ್ರಸಾದನ ಅವ್ವ ಕಣವ್ವಾ, ಶಿವಮ್ಮ. ನಮ್ಮನೇಲಿ ನಿಂಗೆ ಅದೇ ಎಸ್ರು. ಎರಡ್ಗಂಟೆ ಆಯ್ತು ಅಂದ್ರೆ ಇವ್ನು ತಲೆ ಬಾಚ್ಕಂಡು ಫೋನ್ ಮುಂದೆ ಕೂತ್ಕಬುಡೋನು. ಫೋನ್ಗ್ಯಾಕ್ಲಾ ಕ್ರಾಪು ಅಂದ್ರೆ ನಗೋನು. ಈಗ ನೋಡು, ಆಟ ನಿಂತೋಗದೆ, ಐಕ್ಳು ಬಡ್ಕತಾವೆ.”

“ಅವ್ರು... ಅಲ್ಲಿಲ್ವಾ?”

“ಎಲ್ಲವ್ನೆ? ಇನ್ಮೇಲೆ ಮಿಷಿನ್ನೇ ಎಲ್ಲಾ ಮಾಡ್ಕತದೆ, ನೀ ಸುಮ್ನೆ ಕೂತಿರವ್ವ ಸಾಕು ಅಂತ ನನ್ನ ಕೂರಿಸ್ಬುಟ್ಟು, ಊಟದ ಡಬ್ಬಿ ಇಡ್ಕಂಡು ಚಾಮರಾಜನಗರದ ಬಸ್ ಅತ್ಕಂಡು ಓದ. ಇಷ್ಟೊತ್ಗೆ ಬಂದಿರ್ಬೇಕು ಕಣವ್ವಾ.”

ಅವಳು ಫೋನ್ ಇಟ್ಟದ್ದು ಹೇಗೆಂದು ಅವಳಿಗೇ ಗೊತ್ತಾಗಲಿಲ್ಲ. ದಿನವೂ ಅದೇ ಹೊತ್ತಿಗೆ ಅವನು ಆ ಊರಿನ ಫೋನಿಗೆ, ತಾನು ಈ ಊರಿನ ಫೋನಿಗೆ ಕಟ್ಟುಬಿದ್ದಿದ್ದರೆ ಇಬ್ಬರೂ ಎದುರಾಗುವುದು ಯಾವ ಜನ್ಮಕ್ಕೆ? ಆ ಗಂಟನ್ನು ಅವನು ಬಿಚ್ಚಿದ್ದ. ಅವಳು ಪೆದ್ದಿಯ ಹಾಗೆ ಮತ್ತೆ ಬಿಗಿದು ಕೂತಿದ್ದಳು.

ಟಿಕ್ ಹಾಕಲೆಂದು ಮೌಸ್ ಹಿಡಿಯುವಷ್ಟರಲ್ಲಿ ಬಾಗಿಲ ಪರದೆ ಸರಿಯಿತು. ಅಪ್ಪ. ಅವರ ಹಿಂದೆ, ಎದೆಗೆ ಡಬ್ಬಿ ಅವುಚಿಕೊಂಡ ಒಬ್ಬ ಹುಡುಗ. ಗಿಡ್ಡಗಿದ್ದ, ಕನ್ನಡಕ ಹಾಕಿದ್ದ. ಬಾಚಿದ ಕ್ರಾಪನ್ನು ಬಸ್ಸಿನ ಗಾಳಿ ಕೆದರಿ ಇಟ್ಟಿತ್ತು.

“ಮೀಸೆ?” ಎಂದುಬಿಟ್ಟಳು ಶಿವರಂಜಿನಿ.

ಅವನು ಗಾಬರಿಯಾಗಿ ಮೇಲ್ದುಟಿ ಮುಟ್ಟಿಕೊಂಡ. “ಇ... ಇರ್ಲಿಲ್ಲ ಯಾವತ್ತೂ.”

ಅದೇ ದನಿ! ಕಿವಿಯೊಳಗೆ ಇಷ್ಟು ದಿನ ವಾಸವಿದ್ದ ದನಿ ಹೀಗೆ ಕಣ್ಣೆದುರಿಗೆ ನಿಂತು ತೊದಲುವುದನ್ನು ಕಂಡು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಲ್ಲದ ಮೀಸೆ ಆ ಕ್ಷಣದಲ್ಲೇ ಮರೆತುಹೋಯಿತು.

“ನೋಡಪ್ಪ ನಿನ್ನ ಮಿಷಿನ್ನು,” ಅಂದರು ಗುರುಸಿದ್ದಯ್ಯ. “ಎರಡನೇ ದಿನಕ್ಕೇ ಮಲಿಕಂಡದೆ.”

ಪ್ರಸಾದ್ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಕೂತು, ಶೆಡ್ಯೂಲ್ಡ್ ಟಾಸ್ಕ್ಸ್ ತೆರೆದ. ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಟಿಕ್ ಗುರುತು ತಾನಾಗಿ ಎದ್ದು ಹೋಗುವುದಿಲ್ಲ, ಯಾರೋ ತೆಗೆಯಬೇಕು. ನಿಧಾನವಾಗಿ ಅವಳ ಕಡೆ ತಿರುಗಿದ.

ಅವಳು ಕಾಲ್ಬೆರಳು ನೋಡಿದಳು. ಗೋಡೆಯ ಕ್ಯಾಲೆಂಡರ್ ನೋಡಿದಳು. ಕಡೆಗೆ ಬೇರೆ ಏನೂ ಸಿಗದೆ ಅವನನ್ನೇ ನೋಡಿದಳು. ಅವನು ಇನ್ನೂ ಅವಳನ್ನೇ ನೋಡುತ್ತಿದ್ದ, ಸಿಟ್ಟಿಲ್ಲದೆ, ಏನೋ ಕೇಳುವವನ ಹಾಗೆ. ಅವಳ ಕಿವಿ ಕೆಂಪಾದದ್ದು ಅವನಿಗೆ ಕಂಡಿತು. ಅವನ ತುಟಿಯ ಮೂಲೆ ಅಷ್ಟೇ ಅಷ್ಟು ಅಲುಗಿದ್ದು ಅವಳಿಗೆ ಕಂಡಿತು.

“ತಪ್ಪು ನಂದೇ ಸಾರ್,” ಎಂದ ಗುರುಸಿದ್ದಯ್ಯನವರಿಗೆ. “ಸರಿಯಾಗಿ ಹೇಳ್ಕೊಟ್ಟಿರ್ಲಿಲ್ಲ.”

“ಹಂಗಾದ್ರೆ ತೆಗೆದಾಕ್ಬುಡಪ್ಪ. ನಮ್ಗೂ ಬ್ಯಾಡ ಈ ಆಟ, ನೀನೂ ಅಷ್ಟು ದೂರದಿಂದ ಬಂದು ಕಷ್ಟ ಪಡಬ್ಯಾಡ.”

ಪ್ರಸಾದ್, “ಆಯ್ತು ಸಾರ್,” ಎಂದು ಮೌಸಿನ ಮೇಲೆ ಕೈ ಇಟ್ಟ. ಅವನು ನಿಜವಾಗಿಯೂ ತೆಗೆದುಹಾಕುತ್ತಾನೆ! ತನ್ನನ್ನು ಉಳಿಸಲು ಎಲ್ಲವನ್ನೂ ಕಳೆದುಕೊಂಡು ಬಸ್ ಹತ್ತುತ್ತಾನೆ! ಶಿವರಂಜಿನಿ ಒಂದು ಹೆಜ್ಜೆ ಮುಂದೆ ಬಂದಳು.

“ಅಪ್ಪಾ, ನಾನೇ ಆಫ್ ಮಾಡ್ದೆ.”

“ಏನು?”

“ಫೋನ್ ಬರ್ಲಿ ಅಂತ. ಇವ್ರ ಫೋನು.”

ಗುರುಸಿದ್ದಯ್ಯನವರು ತೆರೆದ ಬಾಯಿ ಮುಚ್ಚಲು ಮರೆತರು. ಪ್ರಸಾದನಂತೂ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ. ಹೇಳಿದ್ದಾಗಿತ್ತು, ಇನ್ನೇನು ನಾಚಿಕೆ ಎಂದು ಅವಳು ಅವನ ಮೇಲೇ ತಿರುಗಿಬಿದ್ದಳು. “ನಿನ್ನೆ ಯಾಕ್ರೀ ಮಾಡ್ಲಿಲ್ಲ?”

“ಮಾಡಿದ್ರೆ, ನಾಳೆ ಬರ್ತಿದೀನಿ ಅಂತ ಬಾಯ್ಬಿಟ್ಬಿಡ್ತಿದ್ದೆ,” ಎಂದ ಅವನು. “ಎರಡು ಗಂಟೆಗೆ ಒಂದ್ಸಲ ನಿಮ್ಮ ಎದುರಿಗೆ ಕೂತು ಊಟ ಮಾಡ್ಬೇಕು ಅಂತಿತ್ತು. ಅದಕ್ಕೇ ಇಷ್ಟೆಲ್ಲ ಮಾಡಿದ್ದು.”

ಫೋನ್ ಹೊಡೆದುಕೊಂಡಿತು. ಗುರುಸಿದ್ದಯ್ಯನವರೇ ಎತ್ತಿದರು.

“ಎರಡ್ಗಂಟೆ ಉಡ್ಗೀನಾ?” ಶಿವಮ್ಮನ ದನಿ ರೂಮಿಗೆಲ್ಲ ಕೇಳಿಸಿತು.

ಅವರು ಮಗಳನ್ನು ನೋಡಿದರು. ಹುಡುಗನನ್ನು ನೋಡಿದರು. ಮೇಜಿನ ಮೇಲಿನ ಡಬ್ಬಿಯನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಆರಾಮವಾಗಿ ಕೂತರು.

“ಅಲ್ಲ ಕಣಮ್ಮ, ಎರಡು ಗಂಟೆ ಹುಡುಗಿ ಅಪ್ಪ ಮಾತಾಡ್ತಿರೋದು. ನಿಮ್ಮುಡುಗ ಬಂದವ್ನೆ. ಹೇಳಿ, ನಿಮ್ಮದು ಗುಂಡ್ಲುಪೇಟೇಲಿ ಯಾವ ಬೀದಿ?”

ಪ್ರಸಾದ್ ಮೆಲ್ಲಗೆ ಟಿಕ್ ಗುರುತನ್ನು ವಾಪಸ್ ಹಾಕಿ, ಆ ಕೆಲಸವನ್ನು ಕೂಡಲೇ ಓಡಿಸಿದ. ಪರದೆ ಕಪ್ಪಾಯಿತು. ಆ ಕಪ್ಪು ಗಾಜಿನಲ್ಲಿ ಕೆದರಿದ ಕ್ರಾಪು, ಅದರ ಪಕ್ಕ ಅವಳ ಮುಖ. ಇಬ್ಬರೂ ಗಾಜಿನಲ್ಲೇ ಒಬ್ಬರನ್ನೊಬ್ಬರು ಕಣ್ತುಂಬ ನೋಡಿಕೊಂಡರು.

ಬೀಪ್ ಸದ್ದಾಯಿತು. ಹಾಲಿನಲ್ಲಿ ಹುಡುಗರು ಹೋ ಎಂದರು. ಅವನು ಸ್ವಲ್ಪ ಬಾಗಿ, ಅವಳ ಕಿವಿಗಷ್ಟೇ ಕೇಳುವಂತೆ, ಅದೇ ಫೋನಿನ ದನಿಯಲ್ಲಿ ಹೇಳಿದ.

“ಬಂತು.”

ಶಿವರಂಜಿನಿ ಡಬ್ಬಿಯ ಮುಚ್ಚಳ ತೆಗೆದಳು. ಚಿತ್ರಾನ್ನ ಇನ್ನೂ ಬೆಚ್ಚಗಿತ್ತು.